ಮೊದಲು ಪಲ್ಯ, ಆಮೇಲೆ ಮುದ್ದೆ

ನನ್ನ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ, 6.1 ಬಂದಿತ್ತು. ಇದು 5.7ರಿಂದ 6.4ರ ಒಳಗಿದ್ದರೆ ಪ್ರಿ-ಡಯಾಬಿಟಿಸ್, ಅಂದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅನ್ನುತ್ತಾರೆ. ಮಾತ್ರೆ ಈಗಲೇ ಬೇಡ ಅಂದರು ಡಾಕ್ಟರು. ಅನ್ನ, ಮುದ್ದೆ ಬಿಡಿ ಅಂತಲೂ ಹೇಳಲಿಲ್ಲ. "ಅದಕ್ಕಿಂತ ಮುಂಚೆ ಹೊಟ್ಟೆಗೆ ಏನು ಹೋಗುತ್ತೆ ನೋಡ್ಕೊಳ್ಳಿ" ಅಂದರು. ಯಾಕೆ ಅಂತ ತಿಳಿಯಲು ಓದುತ್ತಾ ಹೋದೆ.

ನಾವು ಸಕ್ಕರೆ ಕಾಯಿಲೆ ಅಂದರೆ ಇನ್ಸುಲಿನ್ ಮಾಡುವ ಮೇದೋಜೀರಕದ ವಿಷಯ ಅಂದುಕೊಳ್ಳುತ್ತೇವೆ. ಆದರೆ ಊಟ ಬಂದಿದೆ ಅಂತ ಅದಕ್ಕೆ ಸುದ್ದಿ ಮುಟ್ಟಿಸುವುದು ಕರುಳು. ಅಷ್ಟೇ ಗ್ಲೂಕೋಸನ್ನು ನೇರ ರಕ್ತನಾಳಕ್ಕೆ ಕೊಡುವುದಕ್ಕಿಂತ ಬಾಯಿಂದ ಕುಡಿಸಿದರೆ ಇನ್ಸುಲಿನ್ ಜಾಸ್ತಿ ಬರುತ್ತದೆ. ಕರುಳಿನ ಹಾರ್ಮೋನುಗಳು ಮಾಡುವ ಕೆಲಸ ಇದು. ಅವುಗಳಲ್ಲಿ ಒಂದು ಜಿಎಲ್‌ಪಿ-1. ಇದು ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಹೆಚ್ಚಿಸುತ್ತದೆ, ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದನ್ನು ನಿಧಾನ ಮಾಡುತ್ತದೆ, ಸಾಕು ಅಂತ ಮಿದುಳಿಗೂ ಹೇಳುತ್ತದೆ. ಆದರೆ ಒಂದೆರಡು ನಿಮಿಷದಲ್ಲೇ ಡಿಪಿಪಿ-4 ಎಂಬ ಕಿಣ್ವ ಅದನ್ನು ಒಡೆದುಹಾಕುತ್ತದೆ. 'ಗ್ಲಿಪ್ಟಿನ್' ಅಂತ ಕೊನೆಯಾಗುವ ಸಕ್ಕರೆ ಕಾಯಿಲೆಯ ಮಾತ್ರೆಗಳು ತಡೆಯುವುದು ಈ ಕಿಣ್ವವನ್ನೇ.

2015ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಟೈಪ್ 2 ಡಯಾಬಿಟಿಸ್ ಇದ್ದವರಿಗೆ ಒಂದೇ ಊಟವನ್ನು ಎರಡು ರೀತಿ ಕೊಟ್ಟು ನೋಡಿದರು. ಒಮ್ಮೆ ಬ್ರೆಡ್ಡು, ಜ್ಯೂಸು ಮೊದಲು. ಇನ್ನೊಮ್ಮೆ ತರಕಾರಿ, ಕೋಳಿ ಮೊದಲು. ಎರಡನೇ ರೀತಿಯಲ್ಲಿ ಒಂದು ಗಂಟೆಯ ಸಕ್ಕರೆ ಶೇ. 37ರಷ್ಟು ಕಡಿಮೆ ಇತ್ತು. ಇದ್ದವರು 11 ಜನ ಮಾತ್ರ, ಆದರೂ ನಾನೇ ಮನೆಯಲ್ಲಿ ಮಾಡಿ ನೋಡಬಹುದಾದ ವಿಷಯ ಅಲ್ವಾ?

ನಮ್ಮ ಮನೆಯಲ್ಲಿ ಬಸ್ಸಾರು ಜಾಸ್ತಿ. ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ. ಪಲ್ಯ ತಟ್ಟೆಯ ಮೂಲೆಯಲ್ಲಿ ನೆಂಚಿಕೊಳ್ಳುವಷ್ಟೇ ಇರುತ್ತಿತ್ತು. ಈಗ ಒಂದು ಬಟ್ಟಲು ತುಂಬಾ ಹಾಕಿಕೊಂಡು ಮೊದಲು ಅದನ್ನೇ ತಿನ್ನುತ್ತೇನೆ, ಅಗಿದು, ನಿಧಾನವಾಗಿ. ಸುಮಾರು ಹತ್ತು ನಿಮಿಷ ಬಿಟ್ಟು ಮುದ್ದೆ. ಆ ಹೊತ್ತಿಗೆ ದೊಡ್ಡ ಮುದ್ದೆ ಬೇಕು ಅನ್ನಿಸುವುದೇ ಇಲ್ಲ. ಅನ್ನದ ದಿನ ಹೆಸರುಬೇಳೆ ಕೋಸಂಬರಿ ಅಥವಾ ಹುರುಳಿಕಾಳಿನ ಉಸಲಿ ಮೊದಲು. ಮದುವೆ ಊಟದಲ್ಲಿ ಎಲೆಗೆ ಕೋಸಂಬರಿ, ಪಲ್ಯ ಮೊದಲು ಬಡಿಸುವ ಪದ್ಧತಿ ಇದ್ದೇ ಇದೆ. ಅನ್ನ ಬರುವ ಮುಂಚೆ ಅದನ್ನು ಖಾಲಿ ಮಾಡಿದರೆ ಆಯಿತು.

ಗ್ಲುಕೋಮೀಟರಿನಲ್ಲಿ ಊಟವಾದ ಎರಡು ಗಂಟೆಗೆ ನೋಡುತ್ತಿದ್ದೆ. ಬರೀ ಮುದ್ದೆ-ಸಾರು ಉಂಡ ದಿನ 170ರ ಆಸುಪಾಸು. ಪಲ್ಯ ಮೊದಲು ತಿಂದ ದಿನ 140ರ ಹತ್ತಿರ. ರಾಗಿ ಅಂದರೆ ಸಕ್ಕರೆ ಏರಲ್ಲ ಅಂತ ನಂಬಿದವರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ: ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿದ ಹಿಟ್ಟು ಹಿಟ್ಟೇ.

ಕಾಳಿನ ನಾರು ದೊಡ್ಡ ಕರುಳಿನವರೆಗೂ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಇವು ಜಿಎಲ್‌ಪಿ-1 ಬಿಡುವ ಜೀವಕೋಶಗಳನ್ನು ಚುರುಕಾಗಿಸುತ್ತವೆ. ಹುದುಗುವಾಗ ಗ್ಯಾಸೂ ಆಗುತ್ತದೆ. ಹಾಗಾಗಿ ಕಾಳು ಒಮ್ಮೆಲೇ ಹೆಚ್ಚಿಸಬೇಡಿ, ಚೆನ್ನಾಗಿ ನೆನೆಸಿ, ಮೆತ್ತಗೆ ಬೇಯಿಸಿ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮುದ್ದೆ, ಅನ್ನ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಡೋಸು ಹಾಗೇ ಇದ್ದರೆ ಸಕ್ಕರೆ ತೀರಾ ಇಳಿದುಬಿಡಬಹುದು.