ಬ್ಯಾಟರಿ ಡ್ರಿಲ್‌ನ ಮೋಟಾರು, ಗೇರ್‌ಬಾಕ್ಸ್‌ಗಳನ್ನು ಕಾಳಗದ ರೋಬೋಟ್‌ಗೆ ಅಳವಡಿಸುವ ವಿಧಾನ

ಬ್ರಿಟನ್ನಿನ ಹವ್ಯಾಸಿಗಳು 13.6 ಕಿಲೋ ಮಿತಿಯ ಫೆದರ್‌ವೇಟ್ ರೋಬೋಟ್‌ಗಳ ಚಕ್ರಗಳಿಗೆ ಬಹುಕಾಲದಿಂದ ಬ್ಯಾಟರಿ ಡ್ರಿಲ್‌ಗಳ ಮೋಟಾರನ್ನೇ ಬಳಸುತ್ತ ಬಂದಿದ್ದಾರೆ. ನಮ್ಮ ಕಾಲೇಜು ಉತ್ಸವಗಳ 15 ಕಿಲೋ ವರ್ಗವೂ ಅದರ ಸಮೀಪದ್ದೇ ಆದ್ದರಿಂದ ಇಲ್ಲಿನ ಲೆಕ್ಕಾಚಾರ ಅದಕ್ಕೂ ಒಪ್ಪುತ್ತದೆ. ಅಗ್ಗದ ಡ್ರಿಲ್‌ನಲ್ಲೂ ಸಾಮಾನ್ಯವಾಗಿ 550 ಎಂಬ ಪ್ರಮಾಣಿತ ಗಾತ್ರದ ಬ್ರಷ್ ಮೋಟಾರು ಮತ್ತು ಪ್ಲಾನೆಟರಿ ಗೇರ್‌ಬಾಕ್ಸ್ (ಹೊರಗಿನ ಉಂಗುರ ಗೇರಿನೊಳಗೆ ಚಿಕ್ಕ ಗೇರುಗಳು ಸುತ್ತುತ್ತ ವೇಗ ಇಳಿಸುವ ಪೆಟ್ಟಿಗೆ) ಜೊತೆಯಾಗಿಯೇ ಸಿಗುತ್ತವೆ. ಒಂದೇ ಮಾದರಿಯ ಎರಡು ಡ್ರಿಲ್‌ಗಳನ್ನು ಕೊಳ್ಳಿರಿ. ಒಂದೇ ವೇಗದವು ಸಿಕ್ಕರೆ ಒಳ್ಳೆಯದು, ಏಕೆಂದರೆ ಎರಡು ವೇಗದವುಗಳಲ್ಲಿ ಗೇರ್ ಬದಲಿಸುವ ಉಂಗುರವನ್ನೂ ಅಲುಗದಂತೆ ಕಟ್ಟಿಹಾಕಬೇಕಾಗುತ್ತದೆ.

ಕೊಳ್ಳುವ ಮೊದಲೇ ರೋಬೋಟ್‌ನ ವೇಗವನ್ನು ಅಂದಾಜು ಮಾಡಬಹುದು. ಮೋಟಾರು ನಿಮಿಷಕ್ಕೆ 20,000 ಸುತ್ತು ತಿರುಗಿ, ಗೇರ್‌ಬಾಕ್ಸ್ ಅದನ್ನು 24ರಲ್ಲಿ ಒಂದು ಪಾಲಿಗೆ ಇಳಿಸಿದರೆ ಸುಮಾರು 830 ಸುತ್ತುಗಳು ಉಳಿಯುತ್ತವೆ, 100 ಮಿ.ಮೀ. ವ್ಯಾಸದ ಚಕ್ರ ಹಾಕಿದಾಗ ಅದು ಗಂಟೆಗೆ ಸುಮಾರು 16 ಕಿ.ಮೀ. ಆಗುತ್ತದೆ. ಇಳಿಕೆ 36ರಲ್ಲಿ ಒಂದು ಪಾಲಾದರೆ ವೇಗ ಸುಮಾರು 10 ಕಿ.ಮೀ.ಗೆ ಇಳಿದು, ತಳ್ಳುವ ಬಲ ಹೆಚ್ಚುತ್ತದೆ.

ಮೊದಲು ಚಕ್, ಅಂದರೆ ಡ್ರಿಲ್ ಬಿಟ್ಟನ್ನು ಕಚ್ಚಿ ಹಿಡಿಯುವ ಮುಂಭಾಗವನ್ನು ತೆಗೆಯಬೇಕು. ಅದರ ದವಡೆಗಳನ್ನು ಪೂರ್ತಿ ತೆರೆದರೆ ತಳದಲ್ಲಿ ಒಂದು ಸ್ಕ್ರೂ ಕಾಣುತ್ತದೆ. ಅದರದು ಲೆಫ್ಟ್ ಥ್ರೆಡ್ ಆದ್ದರಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದಾಗ ಸಡಿಲವಾಗುತ್ತದೆ. ಬಳಿಕ ದಪ್ಪನೆಯ ಅಲನ್ ಕೀಯ ಗಿಡ್ಡ ತುದಿಯನ್ನು ಚಕ್‌ನಲ್ಲಿ ಬಿಗಿದು, ಉದ್ದನೆಯ ತುದಿಗೆ ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕಿನಲ್ಲಿ ಸುತ್ತಿಗೆಯಿಂದ ಚುರುಕಾಗಿ ಹೊಡೆದರೆ ಚಕ್ ಕಳಚಿಕೊಳ್ಳುತ್ತದೆ. ಈ ಹೊತ್ತಿನಲ್ಲಿ ಬ್ಯಾಟರಿ ಹೊರಗಿರಲಿ, ಕಣ್ಣಿಗೆ ಕನ್ನಡಕವಿರಲಿ.

ಹೆಚ್ಚು ಗಮನ ಬೇಡುವುದು ಕ್ಲಚ್. ಕೊನೆಯ ಹಂತದ ಉಂಗುರ ಗೇರಿನ ಮುಖದ ಮೇಲೆ ಉಬ್ಬುಗಳಿದ್ದು, ಸ್ಪ್ರಿಂಗ್ ಒತ್ತುವ ಉಕ್ಕಿನ ಗುಂಡುಗಳು ಅವುಗಳ ನಡುವೆ ಕುಳಿತು ಉಂಗುರವನ್ನು ತಡೆದಿರುತ್ತವೆ. ಹೊರೆ ಮಿತಿ ಮೀರಿದಾಗ ಗುಂಡುಗಳು ಉಬ್ಬನ್ನು ದಾಟಿ, ಉಂಗುರ ಜಾರಿ, ಚಕ್ರ ನಿಂತುಬಿಡುತ್ತದೆ. ಸ್ಕ್ರೂ ಬಿಗಿಯುವಾಗ ಉಪಕಾರಿಯಾದ ಈ ಗುಣ ಕಣದಲ್ಲಿ ಸೋಲಿಗೆ ದಾರಿ. ಆದ್ದರಿಂದ ಕ್ಲಚ್‌ನ ಬಿಗಿತ ಹೊಂದಿಸುವ ಕಾಲರ್, ಸ್ಪ್ರಿಂಗ್, ಗುಂಡುಗಳನ್ನು ತೆಗೆದು, ಗುಂಡುಗಳಿದ್ದ ತೂತುಗಳಿಗೆ ಟ್ಯಾಪ್ ಹಾಕಿ (ಒಳಗೆ ಥ್ರೆಡ್ ಕೊರೆದು), ತಲೆಯಿಲ್ಲದ ಗ್ರಬ್ ಸ್ಕ್ರೂಗಳ ತುದಿ ಉಬ್ಬುಗಳ ನಡುವೆ ಕೂರುವಂತೆ ಇಳಿಸಬೇಕು. ಎಲ್ಲವನ್ನೂ ಸಮನಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ, ಪ್ರತಿ ಸಲವೂ ಸ್ಪಿಂಡಲನ್ನು (ಚಕ್ ಕೂತಿದ್ದ ದಂಡವನ್ನು) ಕೈಯಿಂದ ತಿರುಗಿಸಿ ನೋಡಿರಿ. ಅತಿಯಾಗಿ ಬಿಗಿದರೆ ಉಂಗುರ ಸೊಟ್ಟಗಾಗಿ ಗೇರುಗಳು ಕಚ್ಚಿಕೊಳ್ಳುತ್ತವೆ. ಗೇರ್‌ಬಾಕ್ಸ್‌ನ ಮೂತಿ ಪ್ಲಾಸ್ಟಿಕ್ಕಿನದಾಗಿದ್ದರೆ ಸ್ಕ್ರೂ ಸಡಿಲಾಗದಂತೆ ಹಚ್ಚುವ ಥ್ರೆಡ್ ಲಾಕರ್ ಅಂಟು ಹಾಕಬಾರದು, ಹಲವು ಬಗೆಯ ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಅನೇಕ ಡ್ರಿಲ್‌ಗಳಲ್ಲಿ ಮೋಟಾರನ್ನು ಗೇರ್‌ಬಾಕ್ಸ್‌ಗೆ ಒತ್ತಿ ಹಿಡಿದಿರುವುದು ಹೊರಗಿನ ಪ್ಲಾಸ್ಟಿಕ್ ಕವಚವೇ. ಅದನ್ನು ಎಸೆದ ಮೇಲೆ ಆ ಹಿಡಿತವನ್ನು ರೋಬೋಟ್‌ನ ಚೌಕಟ್ಟಾದ ಚಾಸಿ ಒದಗಿಸಬೇಕು. ಅಲ್ಯೂಮಿನಿಯಂ ಅಥವಾ ದಪ್ಪ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಹಲಗೆಯಲ್ಲಿ ತೂತು ಕೊರೆದು, ಎರಡಾಗಿ ಸೀಳಿದ ಹಿಡಿಕೆಗಳನ್ನು ಮಾಡಿ, ಗೇರ್‌ಬಾಕ್ಸ್‌ಗೆ ಒಂದು, ಮೋಟಾರಿಗೆ ಒಂದು ಕೊಡಿರಿ. ಹಿಂದಿನಿಂದ ಒಂದು ತಡೆಯೂ ಇರಲಿ. ಗೇರ್‌ಬಾಕ್ಸ್‌ನ ಮೈಮೇಲಿನ ಏಣುಗಳು ಹಿಡಿಕೆಯ ಕಚ್ಚಿನಲ್ಲಿ ಕೂತರೆ ಅದು ತಿರುಗದು. ಬರೀ ಬಿಗಿತವನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ಸ್ಪಿಂಡಲ್‌ನ ಥ್ರೆಡ್ ಸಾಮಾನ್ಯವಾಗಿ 3/8-24 ಅಥವಾ 1/2-20 ಅಳತೆಯದು (ಮೊದಲನೆಯದು ಇಂಚಿನಲ್ಲಿ ವ್ಯಾಸ, ಎರಡನೆಯದು ಇಂಚಿಗೆ ಎಷ್ಟು ಎಳೆ ಎಂಬುದು). ಲೇತ್‌ನಲ್ಲಿ ಅದಕ್ಕೆ ಹೊಂದುವ ಹಬ್ (ಚಕ್ರವನ್ನು ಸ್ಪಿಂಡಲ್‌ಗೆ ಜೋಡಿಸುವ ನಡುಭಾಗ) ಮಾಡಿಸಿ, ಹಳೆಯ ಲೆಫ್ಟ್ ಥ್ರೆಡ್ ಸ್ಕ್ರೂವನ್ನೇ ಒಳಗಿನಿಂದ ಬಿಗಿಯಿರಿ, ಇಲ್ಲದಿದ್ದರೆ ಹಿಮ್ಮುಖ ಓಟದಲ್ಲಿ ಚಕ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಚಕ್ರ ಗೇರ್‌ಬಾಕ್ಸ್‌ಗೆ ಹತ್ತಿರವಿದ್ದಷ್ಟೂ ಸ್ಪಿಂಡಲ್ ಬಾಗುವ ಭಯ ಕಡಿಮೆ.

ಕೊನೆಗೆ, ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಎರಡೂ ದಿಕ್ಕಿನಲ್ಲಿ ಓಡಿಸಿ ಕರೆಂಟ್ ಅಳೆಯಿರಿ. ಕೆಲವು ಡ್ರಿಲ್ ಮೋಟಾರುಗಳ ಬ್ರಷ್ ಟೈಮಿಂಗ್ (ಮೋಟಾರಿನೊಳಗೆ ಬ್ರಷ್‌ಗಳನ್ನು ಕೂರಿಸಿರುವ ಕೋನ) ಮುಮ್ಮುಖ ಓಟಕ್ಕೆ ಒಗ್ಗಿಸಿದ್ದಾಗಿರುತ್ತದೆ. ಎಡಬಲದ ಮೋಟಾರುಗಳು ಪರಸ್ಪರ ವಿರುದ್ಧವಾಗಿ ತಿರುಗುವುದರಿಂದ ಅಂಥ ಜೋಡಿ ರೋಬೋಟನ್ನು ಒಂದು ಬದಿಗೆ ಎಳೆಯುತ್ತದೆ. ವ್ಯತ್ಯಾಸ ಅಲ್ಪವಾಗಿದ್ದರೆ ರೇಡಿಯೋ ಟ್ರಾನ್ಸ್‌ಮಿಟರ್‌ನ ಟ್ರಿಮ್‌ನಲ್ಲಿ (ಸೂಕ್ಷ್ಮ ಹೊಂದಾಣಿಕೆಯಲ್ಲಿ) ಸರಿದೂಗಿಸಬಹುದು, ದೊಡ್ಡದಾಗಿದ್ದರೆ ಬೇರೆ ಮೋಟಾರು ಹುಡುಕುವುದೇ ಲೇಸು.