ಭಾದ್ರಪದದ ಕಾಠ್ಮಂಡು: ಮಳೆಯ ಹೊತ್ತು ನೋಡಿಕೊಂಡು ಊರು ಸುತ್ತುವ ಬಗೆ

ಕಾಠ್ಮಂಡುವಿಗೆ ಹೋಗಬೇಕೆಂದರೆ ಅಕ್ಟೋಬರ್, ನವೆಂಬರ್‌ ಒಳ್ಳೆಯದು ಎಂದೇ ಎಲ್ಲರೂ ಹೇಳುತ್ತಾರೆ. ಹಿಮಾಲಯ ಕಾಣಬೇಕೆನ್ನುವವರಿಗೆ ಆ ಮಾತು ಸರಿ. ಊರನ್ನೇ ನೋಡಬೇಕೆನ್ನುವವರಿಗೆ ಮಾತ್ರ ಭಾದ್ರಪದ ವಾಸಿ. ಊರಿನ ದೊಡ್ಡ ತೇರಿನ ಹಬ್ಬ ಇಂದ್ರಜಾತ್ರೆ ನಡೆಯುವುದು ಆಗಲೇ. ಬೇಸಿಗೆಯಲ್ಲಿ ಒಣಗಿ ನಿಂತ ಕಲ್ಲಿನ ಹಿತಿಗಳಲ್ಲಿ, ಅಂದರೆ ಮೆಟ್ಟಿಲಿಳಿದು ಹೋಗುವ ನೀರಿನ ತಾಣಗಳಲ್ಲಿ, ಮಕರದ ಬಾಯಿಂದ ಧಾರೆ ಬೀಳುತ್ತಿರುತ್ತದೆ. ಪ್ರವಾಸಿಗರ ದಂಡು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಕೋಣೆಯ ಬಾಡಿಗೆಯಲ್ಲಿ ಚೌಕಾಸಿಗೂ ಜಾಗವಿದೆ. ಷರತ್ತು ಒಂದೇ: ಪರ್ವತದ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಮೋಡ ಸರಿದು ಒಂದು ಬೆಳಗ್ಗೆ ಶಿಖರ ಕಂಡರೆ ಅದು ಲಾಭ. ಅದನ್ನೇ ನೆಚ್ಚಿ ಗುಡ್ಡದ ಮೇಲಿನ ನಾಗರ್‌ಕೋಟ್‌ನಲ್ಲಿ ಎರಡು ರಾತ್ರಿಯ ಕೋಣೆ ಹಿಡಿದರೆ ಮಂಜು ನೋಡಿಕೊಂಡು ಬರುವುದೇ ಹೆಚ್ಚು.

ಮಳೆಯ ಸ್ವಭಾವ

ನೇಪಾಳದಲ್ಲಿ ಮುಂಗಾರು ಸಾಮಾನ್ಯವಾಗಿ ಜೂನ್ 13ರ ಆಸುಪಾಸಿನಲ್ಲಿ ಹಿಡಿದು ಅಕ್ಟೋಬರ್ 2ರ ಆಸುಪಾಸಿನಲ್ಲಿ ಬಿಡುತ್ತದೆ. ಸೆಪ್ಟೆಂಬರ್‌ ಮಳೆ ನಮ್ಮ ಮಲೆನಾಡಿನ ಆಷಾಢದ ಮಳೆಯಂತೆ ದಿನವಿಡೀ ಜಿಟಿಜಿಟಿ ಅಲ್ಲ. ಬೆಳಗ್ಗೆ ಮೋಡ ಅಥವಾ ಎಳೆಬಿಸಿಲು, ಮಧ್ಯಾಹ್ನ ಸೆಕೆ, ಸಂಜೆಗೋ ರಾತ್ರಿಗೋ ಜಡಿಮಳೆ. ಹಗಲಲ್ಲಿ ಕಾದ ಗಾಳಿ ಕಣಿವೆಯ ಸುತ್ತಲ ಗುಡ್ಡಗಳನ್ನು ಹತ್ತಿ ಮೋಡ ಕಟ್ಟಿ, ಹೊತ್ತಿಳಿದ ಮೇಲೆ ಸುರಿಯುತ್ತದೆ. ಆದ್ದರಿಂದ ಹೊರಗೆ ಸುತ್ತುವ ಕೆಲಸವೆಲ್ಲ ಬೆಳಗ್ಗೆ 6ರಿಂದ 11ರೊಳಗೆ ಮುಗಿಯಲಿ. 2 ಗಂಟೆಯ ಮೇಲೆ ಸೂರಿನಡಿಯ ಜಾಗಗಳಿಗೆ ಹೋಗಿ. ಊರು ಇರುವುದು 1,300ರಿಂದ 1,400 ಮೀಟರ್ ಎತ್ತರದಲ್ಲಿ. ಹಗಲು 28 ಡಿಗ್ರಿ, ರಾತ್ರಿ 19ರ ಸುತ್ತ ಇರುವುದರಿಂದ ಬೆಂಗಳೂರಿನವರಿಗೆ ಸ್ವೆಟರ್‌ ಭಾರ ಬೇಡ. ಒದ್ದೆಯಾದ ಜೀನ್ಸ್‌ ಮಾತ್ರ ಅಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ತೆಳು ಪ್ಯಾಂಟನ್ನೇ ಒಯ್ಯಿರಿ.

ಬೆಳಗಿನಿಂದಲೇ ಬಿಡದೆ ಸುರಿಯತೊಡಗಿದರೆ ಅದು ಬೇರೆ ಮಳೆ. ಬಂಗಾಳ ಕೊಲ್ಲಿಯ ಕಡೆಯ ವಾಯುಭಾರ ಕುಸಿತ ಅಲ್ಲಿಯವರೆಗೆ ಬಂದಿದೆ ಎಂದರ್ಥ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೀಗೇ ಆಗಿ ಕಣಿವೆಯಲ್ಲಿ ಒಂದೇ ದಿನ 200 ಮಿಲಿಮೀಟರ್‌ಗೂ ಹೆಚ್ಚು ಮಳೆ ಬಿತ್ತು. ದಕ್ಷಿಣದ ನಕ್ಖು, ಬಲ್ಖು ಹೊಳೆಗಳ ಅಂಚಿನ ಬಡಾವಣೆಗಳಲ್ಲಿ ಮನೆಯೊಳಗೆ ನೀರು ನುಗ್ಗಿತು. ಹಳೆಯ ಊರು ಬಾಗ್ಮತಿ ಮತ್ತು ವಿಷ್ಣುಮತಿ ನದಿಗಳ ನಡುವಿನ ದಿಬ್ಬದ ಮೇಲಿದೆ. ಕಟ್ಟಿದವರಿಗೆ ನೀರಿನ ಲೆಕ್ಕ ಗೊತ್ತಿತ್ತು. ಕೋಣೆಯನ್ನು ಆ ದಿಬ್ಬದ ಮೇಲೆ, ಥಮೇಲ್ ಅಥವಾ ಬಸಂತಪುರದ ಸುತ್ತಮುತ್ತ ಹಿಡಿಯಿರಿ. ಹೊಳೆಯಂಚಿನ ಅಗ್ಗದ ಹೊಸ ಹೋಟೆಲ್‌ ಈ ತಿಂಗಳಲ್ಲಿ ಬೇಡ.

ದಿನ ಗೊತ್ತುಮಾಡಲು ನಮ್ಮ ಪಂಚಾಂಗ ಸಾಕು

ನೇಪಾಳದ ಕ್ಯಾಲೆಂಡರ್ ಬೇರೆಯಾದರೂ ಹಬ್ಬಗಳು ನಿಂತಿರುವುದು ತಿಥಿಯ ಮೇಲೆ. ಭಾದ್ರಪದ ಶುಕ್ಲ ತದಿಗೆ, ನಮ್ಮ ಸ್ವರ್ಣಗೌರಿ ವ್ರತದ ದಿನ, ಅಲ್ಲಿ ತೀಜ್. ಕೆಂಪು ಸೀರೆ ಉಟ್ಟು ಉಪವಾಸವಿದ್ದ ಹೆಂಗಸರ ಸಾಲು ಪಶುಪತಿನಾಥದ ಸುತ್ತ ಬೆಳಗಿನ ಜಾವದಿಂದಲೇ ಮೈಲುಗಟ್ಟಲೆ ನಿಲ್ಲುತ್ತದೆ, ರಸ್ತೆ ಮುಚ್ಚುತ್ತಾರೆ. ಅವತ್ತು ದರ್ಶನದ ಯೋಚನೆ ಬಿಟ್ಟು ಬಾಗ್ಮತಿಯಾಚೆಯ ಹಳೆಯ ಊರು ಪಾಟನ್‌ ಕಡೆ ಹೋಗಿ.

ಇಂದ್ರಜಾತ್ರೆ ಶುಕ್ಲ ದ್ವಾದಶಿಯಿಂದ ಎಂಟು ದಿನ. ದೇವಿಯೆಂದು ಪೂಜಿಸುವ ಬಾಲಕಿ ಕುಮಾರಿಯ ತೇರು ಎಳೆಯುವುದು ಮೂರು ದಿನ: ಅನಂತ ಚತುರ್ದಶಿಗೆ ಊರ ದಕ್ಷಿಣ ಭಾಗದಲ್ಲಿ, ಮರುದಿನ ಉತ್ತರ ಭಾಗದಲ್ಲಿ, ಕೊನೆಗೆ ಬಹುಳ ಚತುರ್ಥಿಯಂದು ನಡುಭಾಗದಲ್ಲಿ. ಅಂದರೆ ನಮ್ಮೂರಲ್ಲಿ ಅನಂತನ ದಾರ ಕಟ್ಟಿಕೊಳ್ಳುವ ದಿನ ಅಲ್ಲಿ ಮೊದಲ ತೇರು. ಆ ಬಹುಳ ಪಕ್ಷವನ್ನು ನೇಪಾಳಿಗಳು ಆಶ್ವಿನ ಕೃಷ್ಣ ಎನ್ನುತ್ತಾರೆ. ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿದರೆ ಅವರದು ಹುಣ್ಣಿಮೆಗೇ ಮುಗಿಯುತ್ತದೆ. ಇದನ್ನು ಮರೆತರೆ ಒಂದು ತಿಂಗಳು ತಡವಾಗಿ ಟಿಕೆಟ್ ತೆಗೆಸಿಬಿಡುವ ಅಪಾಯವಿದೆ. 2025ರಲ್ಲಿ ಮೊದಲ ತೇರು ಸೆಪ್ಟೆಂಬರ್ 6ಕ್ಕೆ ಬಂದಿತ್ತು. ಅಧಿಕ ಮಾಸವಿದ್ದ ವರ್ಷ ತಿಂಗಳ ಕೊನೆಗೆ ಸರಿಯುತ್ತದೆ.

ಹೊರಡುವ ಮುನ್ನ

ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರ ಬಳಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಲೇಬೇಕು. ಆಧಾರ್ ನಡೆಯುವುದಿಲ್ಲ, ಚೆಕ್‌ಇನ್ ಕೌಂಟರಿನಿಂದಲೇ ವಾಪಸಾಗಬೇಕಾದೀತು. 65 ದಾಟಿದವರಿಗೂ 15 ತುಂಬದವರಿಗೂ ಇವೆರಡರಿಂದ ವಿನಾಯಿತಿ ಇದೆ, ಆದರೆ ಫೋಟೊ ಮತ್ತು ವಯಸ್ಸು ತೋರಿಸುವ ಬೇರೆ ದಾಖಲೆ ಬೇಕು. 15ರಿಂದ 18ರ ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಮುಖ್ಯಸ್ಥರಿಂದ ನಿಗದಿತ ನಮೂನೆಯ ಪತ್ರ ಮಾಡಿಸಿಕೊಳ್ಳಿ.

ಹಣದ ಲೆಕ್ಕ ಸುಲಭ: ನಮ್ಮ 100 ರೂಪಾಯಿಗೆ ಅವರ 160, ಈ ದರ ವರ್ಷಗಳಿಂದ ಬದಲಾಗಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದಾಗ ‘ಐಸಿಯೋ ಎನ್‌ಸಿಯೋ’ ಎಂದು ಮೊದಲೇ ಕೇಳಿಬಿಡಿ. ಐಸಿ ಅಂದರೆ ಭಾರತದ ರೂಪಾಯಿ, ಎನ್‌ಸಿ ಅಂದರೆ ನೇಪಾಳದ್ದು. ಕೇಳದೆ ಕೊಟ್ಟರೆ 500ರ ಶಾಲಿಗೆ 800ರ ಬೆಲೆ ತೆತ್ತಂತೆ. 100ರ ನೋಟುಗಳನ್ನು ಒಂದು ಕಟ್ಟು ಇಟ್ಟುಕೊಂಡರೆ ಎಲ್ಲ ಕಡೆ ನಡೆಯುತ್ತದೆ. 2024ರ ಮಾರ್ಚ್‌ನಿಂದ ಫೋನ್‌ಪೇ ಎಂಬ ಅಲ್ಲಿನ ಜಾಲದ ಕ್ಯುಆರ್ ಫಲಕಗಳಿಗೆ ನಮ್ಮ ಯುಪಿಐನಿಂದ ಹಣ ಹಾಕಬಹುದು. ನಮ್ಮ ಫೋನ್‌ಪೇಗೂ ಅದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ ಕಿವಿಗೆ ಒಂದು. ಗಡಿಯಾರ 15 ನಿಮಿಷ ಮುಂದಿಡಿ. ಅಲ್ಲಿ ವಾರದ ರಜೆ ಶನಿವಾರ, ಕಚೇರಿ ಕೆಲಸವಿದ್ದರೆ ಅವತ್ತು ಇಟ್ಟುಕೊಳ್ಳಬೇಡಿ.

ಚಪ್ಪಲಿಯ ವಿಷಯಕ್ಕೆ ತಲೆ ಕೆಡಿಸಿಕೊಳ್ಳುವುದು ಒಳ್ಳೆಯದು. ಹಳೆಯ ಅರಮನೆಗಳ ಮುಂದಿನ ದರ್ಬಾರ್ ಚೌಕಗಳ ನೆಲ ಇಟ್ಟಿಗೆ ಹಾಸಿನದು, ಮೂರು ತಿಂಗಳ ಮಳೆಗೆ ಪಾಚಿ ಕಟ್ಟಿರುತ್ತದೆ. ಹಸಿರು ಎದ್ದು ಕಾಣುವ ಕಡೆ ಯಾರೂ ಜಾರುವುದಿಲ್ಲ, ಎಚ್ಚರವಾಗಿ ಕಾಲಿಡುತ್ತಾರೆ. ಜಾರುವುದು ಕಪ್ಪಗೆ ಹೊಳೆಯುವ, ಜನ ತುಳಿದು ನುಣುಪಾದ ಮೆಟ್ಟಿಲಂಚಿನಲ್ಲಿ. ಹಿಂಬದಿ ಪಟ್ಟಿ ಇರುವ, ಅಡಿಯಲ್ಲಿ ಆಳವಾದ ಹಲ್ಲಿನ ರಬ್ಬರ್ ಸ್ಯಾಂಡಲ್‌ ಎಲ್ಲಕ್ಕಿಂತ ಉತ್ತಮ: ನೆನೆದರೂ ಒಣಗುತ್ತದೆ, ದೇವಸ್ಥಾನದ ಬಾಗಿಲಲ್ಲಿ ಬೇಗ ಕಳಚಬಹುದು. ಚರ್ಮದ್ದು ಬೇಡವೇ ಬೇಡ. ಪಶುಪತಿಯಲ್ಲೂ ಪಾಟನ್ನಿನ ಹಿರಣ್ಯವರ್ಣ ಮಹಾವಿಹಾರದಲ್ಲೂ ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ.

ಬೆಳಗಿನ ಸುತ್ತು

ಆಸನ್‌ನಿಂದ ಇಂದ್ರಚೌಕ, ಮಖನ್ ಹಾದು ಹಳೆಯ ಅರಮನೆಯಾದ ಹನುಮಾನ್ ಢೋಕಾಕ್ಕೆ ಬರುವ ಓರೆಯಾದ ಬೀದಿ ಟಿಬೆಟ್ಟಿನ ಹಳೆಯ ವ್ಯಾಪಾರದ ದಾರಿ. 6 ಗಂಟೆಗೆ ಆಸನ್‌ನಲ್ಲಿ ಶುರುಮಾಡಿ, ನಿಧಾನವಾಗಿ ನಡೆದರೂ 8ರೊಳಗೆ ಅರಮನೆ ಮುಂದಿರುತ್ತೀರಿ. ತರಕಾರಿ, ಒಣಮೀನು, ಹಿತ್ತಾಳೆ ಪಾತ್ರೆ ಎಲ್ಲ ಆ ಹೊತ್ತಿನಲ್ಲೇ ಹರವುತ್ತಾರೆ. 10ರ ಮೇಲೆ ಬೈಕುಗಳು ನುಗ್ಗಿ ನಡೆಯಲು ಜಾಗವಿರುವುದಿಲ್ಲ. ಮಳೆ ಬಂದರೆ ಅಂಗಡಿಯವರ ತಗಡಿನಡಿ ಒತ್ತರಿಸಿಕೊಂಡು ನಿಲ್ಲುವುದಕ್ಕಿಂತ ಫಲ್ಚಾ ಹುಡುಕಿ. ನಮ್ಮ ಊರ ಜಗಲಿಯಂತೆ ಬೀದಿಗೆ ತೆರೆದ ಕಂಬಸಾಲಿನ ಕಟ್ಟೆ ಅದು, ದಾರಿಹೋಕರು ಕೂರಲೆಂದೇ ಕಟ್ಟಿದ್ದು. ಹಳೆಯ ಬೀದಿಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಪಗೋಡದ ಸೂರಿನಡಿ ನಿಂತರೆ ಗೋಡೆಗೆ ಆತು ನಿಲ್ಲಿ: ನೀರು ಸೂರಿನಂಚಿನಿಂದ ಬೀಳುತ್ತದೆ, ನೆನೆದು ಸಡಿಲವಾದ ಹೆಂಚಿನ ಚೂರೂ ಅಲ್ಲಿಂದಲೇ ಬೀಳುತ್ತದೆ.

ದರ್ಬಾರ್ ಚೌಕದ ಟಿಕೆಟ್ ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಸಾರ್ಕ್ ದೇಶದವರ ದರ ಕೇಳಿ, ಉಳಿದ ವಿದೇಶಿಯರ ದರಕ್ಕಿಂತ ಬಹಳ ಕಡಿಮೆ. ಅಮೆರಿಕದ ಪಾಸ್‌ಪೋರ್ಟಿನ ಕನ್ನಡಿಗರಿಗೆ ಈ ದರ ಸಿಗದು. ಟಿಕೆಟನ್ನು ಇನ್ನೂ ಕೆಲವು ದಿನಕ್ಕೆ ವಿಸ್ತರಿಸಿಕೊಡುವಿರಾ ಎಂದು ಕೊಳ್ಳುವಾಗಲೇ ಕೇಳಿ. ಮಳೆಯಿಂದ ಕೆಟ್ಟ ಬೆಳಗಿಗೆ ಬದಲಾಗಿ ಇನ್ನೊಂದು ಬೆಳಗ್ಗೆ ಬರಬಹುದು.

2015ರ ಏಪ್ರಿಲ್ 25ರ ಭೂಕಂಪಕ್ಕೆ ಕುಸಿದ ಕಾಷ್ಠಮಂಟಪವನ್ನು ಮತ್ತೆ ಮರದಲ್ಲೇ ಎತ್ತಿ ನಿಲ್ಲಿಸಿದ್ದಾರೆ, ಊರಿಗೆ ಹೆಸರು ಕೊಟ್ಟ ಕಟ್ಟಡ ಅದೇ. ಅರಮನೆಯ ಹೊರಗೋಡೆಯಲ್ಲಿ ರಾಜ ಪ್ರತಾಪ ಮಲ್ಲ 1654ರಲ್ಲಿ ಹಾಕಿಸಿದ ಶಾಸನವನ್ನು ಹೆಚ್ಚಿನವರು ನೋಡದೆ ದಾಟುತ್ತಾರೆ. ಕಾಳಿಕಾಸ್ತುತಿ ಅದು, ಹದಿನೈದು ಭಾಷೆ ಬಳಸಿದ್ದಾನೆಂದು ಹೆಸರಾಗಿದೆ. ನಡುವೆ ರೋಮನ್ ಅಕ್ಷರದಲ್ಲಿ ಫ್ರೆಂಚಿನ ‘ಆಟೊಮ್ನ್’, ಇಂಗ್ಲಿಷಿನ ‘ವಿಂಟರ್’ ಕಾಣುತ್ತವೆ. ಬೆಳಗಿನ ಓರೆ ಬೆಳಕಿನಲ್ಲಿ, ಕಲ್ಲು ಸ್ವಲ್ಪ ಹಸಿಯಾಗಿದ್ದಾಗ ಅಕ್ಷರ ಚೆನ್ನಾಗಿ ಏಳುತ್ತದೆ.

ಮಧ್ಯಾಹ್ನದ ಮಳೆಗೆ ಪಾಟನ್ ಮ್ಯೂಸಿಯಂ ಹೇಳಿಮಾಡಿಸಿದ ಜಾಗ. ಕಂಚಿನ ವಿಗ್ರಹ ಎರಕಹೊಯ್ಯುವ ಬಗೆಯನ್ನು ಹಂತ ಹಂತವಾಗಿ ಇಟ್ಟಿದ್ದಾರೆ, ಕಿಟಕಿಯಿಂದ 1637ರ ಕಲ್ಲಿನ ಕೃಷ್ಣಮಂದಿರ ಮಳೆಯಲ್ಲಿ ನೆನೆಯುವುದನ್ನೂ ಕೂತು ನೋಡಬಹುದು. ಕಣಿವೆಯ ಇನ್ನೊಂದು ಹಳೆಯ ಊರು ಭಕ್ತಪುರಕ್ಕೆ ಬೇರೆಯದೇ ಒಂದು ದಿನ ಕೊಡಿ. 1702ರ ಐದಂತಸ್ತಿನ ನ್ಯಾತಪೋಲ ಗುಡಿ 1934ರ ಭೂಕಂಪಕ್ಕೂ 2015ರದಕ್ಕೂ ಉರುಳಲಿಲ್ಲ. ಗುಡ್ಡದ ಮೇಲಿನ ಸ್ವಯಂಭೂ ಸ್ತೂಪಕ್ಕೆ ಪೂರ್ವದ ಮೆಟ್ಟಿಲು 365, ಕಡಿದು. ಒದ್ದೆಯಿದ್ದರೆ ಟ್ಯಾಕ್ಸಿಯಲ್ಲಿ ಹಿಂಬದಿಯಿಂದ ಮೇಲಕ್ಕೆ ಹೋಗಿ. ಮಂಗಗಳ ಮುಂದೆ ಕೈಯಲ್ಲಿ ತಿಂಡಿ ಬೇಡ.

ತೇರಿನ ದಿನ

ತೇರು ಹೊರಡುವುದು ಮಧ್ಯಾಹ್ನದ ಮೇಲೆ, ಮಳೆ ಬರುವ ಹೊತ್ತಿಗೇ ಸರಿಯಾಗಿ. ಬಸಂತಪುರದಲ್ಲಿ ಗುಡಿಗಳ ಮೆಟ್ಟಿಲು ಜಗತಿಯ ಮೇಲೆ ಜಾಗ ಬೇಕೆಂದರೆ 1 ಗಂಟೆಗೇ ಕೂರಬೇಕು, ನೀರು ಮತ್ತು ತಿಂಡಿ ಜತೆಗಿರಲಿ. ಎದ್ದು ಹೋದರೆ ಜಾಗ ಹೋಯಿತು. ಕೊಡೆ ಇಲ್ಲಿ ಶತ್ರು: ಹಿಂದಿನವರಿಗೆ ಕಾಣುವುದಿಲ್ಲ, ಕಡ್ಡಿ ಕಣ್ಣಿಗೆ ತಾಗುತ್ತದೆ. ತಲೆಯಿಂದ ಮೊಣಕಾಲಿನವರೆಗೆ ಇಳಿಯುವ ಪ್ಲಾಸ್ಟಿಕ್ ಮಳೆಯಂಗಿ ತಗೊಳ್ಳಿ. ತೇರು ಮೂರು: ಗಣೇಶ, ಭೈರವ, ಕುಮಾರಿ. ಮರದ ಗಾಲಿ ಒದ್ದೆ ಇಟ್ಟಿಗೆಯ ಮೇಲೆ ಅಡ್ಡಕ್ಕೆ ಜಾರುತ್ತದೆ, ಇಕ್ಕಟ್ಟಿನ ತಿರುವಿನಲ್ಲಿ ಗೋಡೆಯ ಕಡೆ ನಿಂತವರಿಗೆ ಓಡಲು ದಾರಿಯಿರುವುದಿಲ್ಲ. ನೂಕುನುಗ್ಗಲು ಬೇಡವೆನ್ನುವವರು, ಮಕ್ಕಳಿರುವವರು ಮೊದಲ ದಿನ ಜೈಸಿದೇವಲ್ ಅಥವಾ ಲಗನ್ ಬೀದಿಯಲ್ಲಿ ನಿಲ್ಲಿ. ತೇರು ಅಲ್ಲಿಗೆ ತಡವಾಗಿ ಬರುತ್ತದೆ, ಆದರೆ ಹತ್ತಿರದಿಂದ ಕಾಣುತ್ತದೆ.

ಹನುಮಾನ್ ಢೋಕಾದ ಶ್ವೇತಭೈರವನ ದೊಡ್ಡ ಮುಖವನ್ನು ವರ್ಷವೆಲ್ಲ ಮರದ ಜಾಲಂದ್ರ ಮುಚ್ಚಿರುತ್ತದೆ. ಜಾತ್ರೆಗೆ ಮಾತ್ರ ತೆಗೆಯುತ್ತಾರೆ. ಸಂಜೆ ಅವನ ಬಾಯಿಂದ ಕೊಳವೆಯಲ್ಲಿ ಅಕ್ಕಿಯ ಮದ್ಯ ಸುರಿಯುತ್ತದೆ, ಹುಡುಗರು ಒಬ್ಬರ ಮೇಲೊಬ್ಬರು ಹತ್ತಿ ಬಾಯೊಡ್ಡುತ್ತಾರೆ. ಮೊಬೈಲು ಕಳೆದುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಹತ್ತಡಿ ದೂರದಿಂದ ನೋಡಿ.

ಪಶುಪತಿಯಲ್ಲಿ

ಗರ್ಭಗುಡಿಯ ಪೂಜೆ ದಕ್ಷಿಣ ಭಾರತದ ಭಟ್ಟರದು, ಅವರಲ್ಲಿ ಕರ್ನಾಟಕದವರು ಬಹಳ ಹಿಂದಿನಿಂದ ಇದ್ದಾರೆ. ಕನ್ನಡದಲ್ಲಿ ಮಾತಾಡಿಸಿದರೆ ಸಾಲು ತಪ್ಪುತ್ತದೆ ಎಂದು ಮಾತ್ರ ಎಣಿಸಬೇಡಿ. ಹಾಗೆ ಹೇಳಿ ಹಣ ಕೇಳುವ ಮಧ್ಯವರ್ತಿಗಳು ಹೊರಗೆ ಸಿಗುತ್ತಾರೆ. ಲಿಂಗ ಚತುರ್ಮುಖದ್ದು, ನಾಲ್ಕು ದಿಕ್ಕಿಗೂ ಬಾಗಿಲಿದೆ, ಪ್ರದಕ್ಷಿಣೆ ಬಂದು ನಾಲ್ಕೂ ಮುಖ ನೋಡಬೇಕು. ಅಂಗಳದ ಕಲ್ಲು ಬರಿಗಾಲಿಗೆ ಜಾರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ಒಳಗೆ ಫೋಟೊ ನಿಷಿದ್ಧ. ಆಚೆ ದಡದ ಮೆಟ್ಟಿಲಿಂದ ಆರ್ಯಘಾಟ್ ಕಾಣುತ್ತದೆ. ಅಲ್ಲಿ ಸುಡುತ್ತಿರುವುದು ಯಾರದೋ ಮನೆಯವರನ್ನು, ಕ್ಯಾಮೆರಾ ಚೀಲದಲ್ಲೇ ಇರಲಿ.

ಹೊಟ್ಟೆ, ಸೊಳ್ಳೆ, ಇಂಬಳ

ಮಳೆಗಾಲದಲ್ಲಿ ನಲ್ಲಿ ನೀರಿಗೆ ಚರಂಡಿ ಬೆರೆಯುತ್ತದೆ. 2022ರ ಜೂನ್‌ನಲ್ಲಿ ಕಾಲರಾ ಕಾಣಿಸಿಕೊಂಡು ಲಲಿತಪುರ (ಪಾಟನ್ನಿನ ಇನ್ನೊಂದು ಹೆಸರು) ನಗರಪಾಲಿಕೆ ಪಾನಿಪುರಿಯನ್ನೇ ನಿಷೇಧಿಸಿತ್ತು. ಸೀಲ್ ಇರುವ ಬಾಟಲಿ ಅಥವಾ ಕುದಿಸಿದ ನೀರು, ಹಲ್ಲುಜ್ಜಲೂ ಅದೇ. ಹಸಿ ಚಟ್ನಿ, ಕತ್ತರಿಸಿಟ್ಟ ಹಣ್ಣು ಬೇಡ. ಹಬೆಯಾಡುವ ಮೊಮೊ, ಕಾವಲಿಯಿಂದ ನೇರ ಇಳಿದ ಬಾರಾ (ನಮ್ಮ ಉದ್ದಿನ ದೋಸೆಯ ದಪ್ಪ ತಮ್ಮ) ಧೈರ್ಯವಾಗಿ ತಿನ್ನಿ. ‘ಬಫ್’ ಎಂದರೆ ಎಮ್ಮೆ ಮಾಂಸ. ಜಾತ್ರೆಯ ಸಮಯ್ ಬಜಿ ತಟ್ಟೆಯಲ್ಲಿ ಅವಲಕ್ಕಿ, ಕರಿ ಸೋಯಾ ಕಾಳು, ಶುಂಠಿಯ ಪಕ್ಕದಲ್ಲೇ ಅದೂ ಇರುತ್ತದೆ, ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಿ. ಡೆಂಗಿ ಹೆಚ್ಚುವುದು ಇದೇ ತಿಂಗಳಲ್ಲಿ, ಆ ಸೊಳ್ಳೆ ಕಚ್ಚುವುದು ಹಗಲಲ್ಲಿ. ಬೆಳಗ್ಗೆ ಹೊರಡುವಾಗಲೇ ಕಾಲಿಗೆ ಮುಲಾಮು ಹಚ್ಚಿ. ಶಿವಪುರಿಯಂಥ ಕಾಡಿನ ಗುಡ್ಡಕ್ಕೆ ಹೋದರೆ ಇಂಬಳ (ಜಿಗಣೆ) ಹತ್ತುತ್ತವೆ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಉಳಿದವರು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಊರಾಚೆಗೆ

ಪಶುಪತಿಯ ಜತೆ ಮುಕ್ತಿನಾಥವನ್ನೂ ಸೇರಿಸುವುದು ನಮ್ಮ ಕಡೆಯ ಯಾತ್ರಿಗಳ ರೂಢಿ. ಈ ತಿಂಗಳಲ್ಲಿ ಸೇರಿಸಬೇಡಿ. ನೀರು ಕುಡಿದ ಗುಡ್ಡ ಮಳೆಗಾಲದ ಕೊನೆಯವರೆಗೂ ಕುಸಿಯುತ್ತಲೇ ಇರುತ್ತದೆ. 2024ರ ಜುಲೈಯಲ್ಲಿ ಸಿಮಲ್‌ತಾಲ್ ಬಳಿ ಭೂಕುಸಿತ ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿದ್ದು ರಾತ್ರಿ ಕಳೆದು ಬೆಳಗಾಗುವ ಮುನ್ನ. ಅದೇ ಸೆಪ್ಟೆಂಬರ್‌ನಲ್ಲಿ ಕಾಠ್ಮಂಡುವಿನಿಂದ ಹೊರಗೆ ಹೋಗುವ ಹೆದ್ದಾರಿಯಲ್ಲೂ ನಿಂತ ಬಸ್ಸುಗಳ ಮೇಲೆ ಮಣ್ಣು ಬಿತ್ತು. ಮುಕ್ತಿನಾಥದ ದಾರಿಯ ಪೋಖರಾಕ್ಕೆ ಹೋಗಲೇಬೇಕೆಂದರೆ ರಾತ್ರಿ ಬಸ್ಸು ಬೇಡ, ಬೆಳಗಿನ ವಿಮಾನ ಹಿಡಿಯಿರಿ, ಅದು ರದ್ದಾದರೆ ಕಳೆಯಲು ಒಂದು ದಿನ ಕೈಯಲ್ಲಿರಲಿ.

ಮರಳುವಾಗಲೂ ಅಷ್ಟೇ. ತ್ರಿಭುವನ್ ನಿಲ್ದಾಣದಲ್ಲಿ ಓಡುದಾರಿ ಒಂದೇ. ಮಳೆ ಕವಿದರೆ ಬರಬೇಕಾದ ವಿಮಾನ ಆಕಾಶದಲ್ಲಿ ಸುತ್ತುತ್ತದೆ, ಲಖನೌಗೋ ಕೋಲ್ಕತ್ತಕ್ಕೋ ತಿರುಗಿಬಿಡುವುದೂ ಉಂಟು, ಅದೇ ವಿಮಾನ ನಿಮ್ಮನ್ನು ಹೊತ್ತೊಯ್ಯಬೇಕಾದ್ದು. ಬೆಳಗಿನ ವಿಮಾನ ಆರಿಸಿ, ದೆಹಲಿಯಿಂದ ಬೆಂಗಳೂರಿನ ಟಿಕೆಟನ್ನು ಅದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ನಡುವೆ ಐದು ಗಂಟೆಗಿಂತ ಕಡಿಮೆ ಇಡಬೇಡಿ.