ಸೋಡಾ ನೀರಿನ ಡ್ರಮ್ಮು, ಉಲ್ಟಾ ಆದ ಉತ್ತರ: ನನ್ನ ಅನುಭವ

ಡ್ರಮ್ಮಿನಲ್ಲಿ ಸೋಡಾ ನೀರು ತುಂಬಿಸಿ ಏ.ಎಫ್. ಡಿಮ್ಯಾಗ್ ಮಾಡುತ್ತೇನೆ ಎಂದಾಗ ನಮ್ಮ ಬಳಗದಲ್ಲಿ ನಗದವರು ಕಡಿಮೆ. ಏ.ಎಫ್. ಡಿಮ್ಯಾಗ್ ಎಂದರೆ, ಸಮುದ್ರತಳದಿಂದ ಕೊರೆದು ತೆಗೆದ ಕೆಸರಿನ ಕಂಬದ (ಕೋರು) ಮಾದರಿಯನ್ನು ಕಾಯಿಲಿನೊಳಗೆ ಇಟ್ಟು, ಹಿಂದೆಮುಂದೆ ಆಗುವ ಕಾಂತಕ್ಷೇತ್ರವನ್ನು ನಿಧಾನ ಸೊನ್ನೆಗೆ ಇಳಿಸಿ, ಆಮೇಲೆ ಹತ್ತಿದ ಕಾಂತತ್ವವನ್ನು ಅಳಿಸುವುದು; ಉಳಿಯುವುದು ಕೆಸರು ಕೂತ ಕಾಲದ ಭೂಮಿಯ ಕಾಂತಕ್ಷೇತ್ರದ ದಿಕ್ಕು. "ಅದೆಲ್ಲ ಅಜ್ಜನ ಕಾಲದ್ದು ಮಾರಾಯ್ರೆ" ಎಂದರು ಒಬ್ಬರು. "ಜ್ವಾಲಾಮುಖಿಯ ಬೂದಿ ತುಂಬಿದ ಕೋರಿನಲ್ಲಿ ಲಕ್ಷಗಟ್ಟಲೆಯ ಮೆಷಿನ್ ಇದ್ದವರಿಗೇ ದಿಕ್ಕು ಸಿಗುವುದಿಲ್ಲ, ನಿಮಗೆ ಎಂತ ಸಿಗ್ತದೆ?" ಎಂದರು ಇನ್ನೊಬ್ಬರು. ಸಿಕ್ಕಿತು. ಬ್ರೂನ್ಸ್-ಮಾತುಯಾಮಾ ಗಡಿಯೇ ಸಿಕ್ಕಿತು. 7,73,000 ವರ್ಷಗಳ ಹಿಂದೆ ಭೂಮಿಯ ಕಾಂತಕ್ಷೇತ್ರ ಮಗುಚಿದ ಜಾಗ. ಕೋರು ತೆಗೆದ ಹಡಗಿನ ವಿಜ್ಞಾನಿಗಳು ಗುರುತಿಸಿದ್ದಕ್ಕೂ ನನ್ನದಕ್ಕೂ ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಅದಕ್ಕೇ ಈಗ ಬರೆಯಲು ಕೂತದ್ದು.

ಮೊದಲು ಕೋರಿನ ವಿಷಯ. ಅಂಡಮಾನಿನಲ್ಲಿ ನಮ್ಮದೇ ಜ್ವಾಲಾಮುಖಿ ಬ್ಯಾರನ್ ದ್ವೀಪ ಇರುವಾಗ ಜಪಾನಿನ ಕೆಸರು ಯಾಕೆ ಎಂದು ತುಂಬ ಜನ ಕೇಳಿದ್ದಾರೆ. 2006ರಲ್ಲಿ ಸಮುದ್ರತಳ ಕೊರೆಯುವ ಜಾಯ್ಡೀಸ್ ರೆಸಲ್ಯೂಷನ್ ಹಡಗು ಗ್ಯಾಸ್ ಹೈಡ್ರೇಟ್ (ಮಂಜುಗಡ್ಡೆಯಂತೆ ಹೆಪ್ಪುಗಟ್ಟಿದ ಅನಿಲ) ಹುಡುಕುತ್ತಾ ಅಂಡಮಾನಿನ ಹತ್ತಿರ ಕೊರೆದಾಗ ಬೂದಿ ಪದರಗಳು ಬಂದಿದ್ದವು. ಆಸೆ ನನಗೂ ಇತ್ತು. ಆದರೆ ಅಲ್ಲಿ ಕಾಂತಕ್ಷೇತ್ರ ನೆಲದತ್ತ ಬಾಗುವ ಕೋನ, ಅಂದರೆ ಇನ್‌ಕ್ಲಿನೇಷನ್ ಇಪ್ಪತ್ತು ಡಿಗ್ರಿಯ ಆಚೀಚೆ. ಕೋರು ಒಳಗೇ ತಿರುಗಿರುತ್ತದೆ, ಉತ್ತರದಿಂದ ಪಕ್ಕಕ್ಕೆ ಸರಿಯುವ ಕೋನ (ಡೆಕ್ಲಿನೇಷನ್) ನಂಬುವ ಹಾಗಿಲ್ಲ. ಅದರ ಮೇಲೆ ಕೊರೆಯುವ ಪೈಪು ಹತ್ತಿಸಿದ ನೆಟ್ಟಗಿನ ಕಾಂತತ್ವ. ಪ್ಲಸ್ ಇಪ್ಪತ್ತೋ ಮೈನಸ್ ಇಪ್ಪತ್ತೋ ಎಂದು ಜಗಳ ಮಾಡುತ್ತಾ ಕೂರಬೇಕು, ಅಷ್ಟೆ. ಹೊಸ ವಿಧಾನ ಪರೀಕ್ಷೆ ಮಾಡುವವನಿಗೆ ಅದು ಬೇಡ.

ಹಾಗಾಗಿ 2014ರಲ್ಲಿ ಇದೇ ಹಡಗು 351ನೇ ಯಾನದಲ್ಲಿ ಕೊರೆದ ಯು1438 ಎಂಬ ತಾಣದ ಕೋರಿಗೆ ಹೋದೆ. ಕ್ಯೂಶು-ಪಲಾವ್ ದಿಬ್ಬದ ಪಶ್ಚಿಮಕ್ಕೆ, ಅಮಾಮಿ ಸಂಕಾಕು ಎಂಬ ಸಮುದ್ರತಳದ ತಗ್ಗು. ನೀರಿನ ಆಳ 4,700 ಮೀಟರ್, ಅದರ ಕೆಳಗೆ 1,461 ಮೀಟರ್ ಕೆಸರು, ಅದರ ಕೆಳಗೆ ಬಸಾಲ್ಟ್. ಇಜು-ಬೋನಿನ್ ಜ್ವಾಲಾಮುಖಿ ಸಾಲು ಹುಟ್ಟಿದ ಕಾಲದಿಂದ ಇಲ್ಲಿಯವರೆಗಿನ ಲೆಕ್ಕ ಅಲ್ಲಿ ಉಂಟು. ಅಕ್ಷಾಂಶ 27 ಡಿಗ್ರಿ, ಇನ್‌ಕ್ಲಿನೇಷನ್ 46ರ ಹತ್ತಿರ ಬರಬೇಕು. ಮಗುಚಿದರೆ ಮೈನಸ್ 46. ಜಗಳವೇ ಇಲ್ಲ. ನಾನು ಮುಟ್ಟಿದ್ದು ಮೇಲಿನ ಕೆಲವು ಹತ್ತು ಮೀಟರ್ ಮಾತ್ರ, ಪಿಸ್ಟನ್ ಕೋರರಿನಲ್ಲಿ ತೆಗೆದ ಮೆತ್ತನೆಯ ಭಾಗ.

ಕೋರುಗಳು ಜಪಾನಿನ ಕೊಚ್ಚಿ ಭಂಡಾರದಲ್ಲಿ ಇವೆ. ಸರಿಯಾದ ಕಾರಣ ಬರೆದು ಕೇಳಿದರೆ ಮಾದರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಏಳು ಸಿ.ಸಿ.ಯ ಪ್ಲಾಸ್ಟಿಕ್ ಕ್ಯೂಬುಗಳು, ಮೇಲ್ಮುಖದ ಬಾಣದ ಗುರುತು ಹಾಕಿ ಕಳಿಸಿದರು. ಐವತ್ತು-ಅರವತ್ತು ಇರಬೇಕು. ಅಲ್ಲಿಂದ ಇಲ್ಲಿಗೆ ಬರುವುದೇ ದೊಡ್ಡ ಕಥೆ. "ಇದು ಮಣ್ಣು, ಮಣ್ಣಿಗೆ ಪರವಾನಗಿ ಬೇಕು" ಎಂದು ಒಂದು ಕಚೇರಿ ಹಿಡಿದಿಟ್ಟಿತು. ಮಣ್ಣಲ್ಲ, ನಾಲ್ಕೂವರೆ ಸಾವಿರ ಮೀಟರಿಗೂ ಕೆಳಗಿನ ಸಮುದ್ರದ ಕೆಸರು, ಅದರಲ್ಲಿ ಗಿಡ ಬೆಳೆಯುವುದಿಲ್ಲ ಎಂದು ಮತ್ತೆ ಮತ್ತೆ ಬರೆದುಕೊಟ್ಟೆ. ಗೋದಾಮು ಬಾಡಿಗೆ ಎಂದೇ ಎಂಟೊಂಬತ್ತು ಸಾವಿರ ಹೋಯಿತು. ದುಡ್ಡಿಗಿಂತ ಹೊಟ್ಟೆ ಉರಿದದ್ದು ಆ ಸೆಕೆಗೆ. ಕ್ಯೂಬು ಒಣಗಿದರೆ ಕೆಸರು ಕುಗ್ಗುತ್ತದೆ, ಒಳಗಿನ ಕಣ ತಿರುಗುತ್ತದೆ, ಗ್ರೈಗೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದ್ದರೆ ಗಾಳಿ ತಾಗಿ ಕೆಡುತ್ತದೆ. ಬಂದ ಮೇಲೆ ನೋಡಿದರೆ ಏಳೆಂಟು ಕ್ಯೂಬುಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು. ಅವನ್ನು ಕಾಯಿಲಿನ ಪರೀಕ್ಷೆಗೆ ಬಲಿ ಕೊಟ್ಟೆ.

ಉಳಿದವು ಮನೆಯ ಫ್ರಿಜ್ಜಿಗೆ. ದೋಸೆ ಹಿಟ್ಟಿನ ಪಕ್ಕ ಪೆಸಿಫಿಕ್ ಕೆಸರು ಇಟ್ಟರೆ ಯಾರು ಸುಮ್ಮನಿರುತ್ತಾರೆ? "ಮಾರಾಯ್ರೆ, ಇದಕ್ಕೊಂದು ಬೇರೆ ಜಾಗ ಇಲ್ವಾ?" ಎಂದಳು ಹೆಂಡತಿ. ಹೇಳಬೇಕಾದ ಮಾತು ಒಂದೇ: ಫ್ರಿಜ್ಜಿನ ಬಾಗಿಲಿನ ರಬ್ಬರಿನೊಳಗೆ ಉದ್ದಕ್ಕೂ ಮ್ಯಾಗ್ನೆಟ್ ಇರುತ್ತದೆ. ಕ್ಯೂಬನ್ನು ಬಾಗಿಲಿನಲ್ಲಿ ಇಡಲೇಬೇಡಿ, ಹಿಂದೆ ಕಂಪ್ರೆಸರಿನ ಹತ್ತಿರವೂ ಬೇಡ. ನಡು ಹಲಗೆಯ ನಟ್ಟನಡುವೆ, ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಸ್ಪಂಜಿನ ಜೊತೆ.

ಈಗ ಕಾಯಿಲು. ರೆಡಿಮೇಡ್ ಡಿಮ್ಯಾಗ್ನೆಟೈಸರಿಗೆ ತರಿಸಿದ ಕೊಟೇಶನ್ ಹದಿನೈದು ಲಕ್ಷದ ಹತ್ತಿರ ಇತ್ತು. ಪಂಪು, ಗ್ರೈಂಡರು ರಿಪೇರಿ ಮಾಡುವ ರಿವೈಂಡಿಂಗ್ ಅಂಗಡಿಯವರಿಗೆ ಪಿ.ವಿ.ಸಿ. ಕೊಳವೆ ಕೊಟ್ಟು, ಹತ್ತು ಸೆಂಟಿಮೀಟರ್ ಉದ್ದಕ್ಕೆ ಸಾವಿರ ಸುತ್ತು ಹಾಕಿ ಎಂದೆ. "ಸರ್, ಇದು ಯಾವ ಮೋಟಾರಿನದ್ದು?" ಎಂದು ಕೇಳಿದರು. ತಾಮ್ರ, ಕೂಲಿ ಸೇರಿ ಆರು ಸಾವಿರದೊಳಗೆ. ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹತ್ತು ಸಾವಿರ. ನೀರು, ಕರೆಂಟು ಎರಡೂ ಇರುವ ಕಡೆ ಅದಿಲ್ಲದೆ ಕೈ ಹಾಕಬೇಡಿ. ಸರಣಿಯಲ್ಲಿ ಮೋಟಾರ್ ರನ್ ಕೆಪಾಸಿಟರುಗಳು, ಒಟ್ಟು ನಾನೂರು ಮೈಕ್ರೋಫ್ಯಾರಡ್ ಆಸುಪಾಸು. ಅದರಿಂದ ಎರಡು ಲಾಭ: ಐವತ್ತು ಹರ್ಟ್ಸಿಗೆ ಕಾಯಿಲು ಶ್ರುತಿಗೆ ಬರುತ್ತದೆ, ಡಿ.ಸಿ. ಒಳಗೆ ಬರುವುದಿಲ್ಲ. ಡಿ.ಸಿ. ಚೂರು ಬಂದರೂ ಮಾದರಿಗೆ ನಾವೇ ಕಾಂತತ್ವ ಹತ್ತಿಸಿದ ಹಾಗೆ. ಹತ್ತು ಆಂಪಿಯರ್ ಪೀಕಿಗೆ ಕಾಂತಕ್ಷೇತ್ರ ನೂರು ಮಿಲಿಟೆಸ್ಲಾ ದಾಟಬೇಕು ಎಂದು ಲೆಕ್ಕ. ನಾನು ಎಂಬತ್ತರ ಮೇಲೆ ಹೋಗಲಿಲ್ಲ, ವಾರ್ನಿಷ್ ವಾಸನೆ ಬರುತ್ತದೆ.

ಸುತ್ತಲಿನ ಕ್ಷೇತ್ರ ತಡೆಯಲು ಮ್ಯೂ-ಮೆಟಲ್ ಎಂಬ ನಿಕ್ಕೆಲ್ ಮಿಶ್ರಲೋಹ ಬೇಕಲ್ವಾ? ಹೊಸದರ ಬೆಲೆ ಕೇಳಿ ಫೋನ್ ಇಟ್ಟೆ. ಹಳೆಯ ಆಸಿಲೋಸ್ಕೋಪುಗಳಲ್ಲಿ ಪಿಕ್ಚರ್ ಟ್ಯೂಬಿನ ಸುತ್ತ ಅದರದ್ದೇ ಕವಚ ಇರುತ್ತದೆ. ಬಂದರಿನ ಗುಜರಿಯಲ್ಲಿ ತೂಕಕ್ಕೆ ಸಿಕ್ಕಿತು, ಮೂರು-ನಾಲ್ಕು, ಕಬ್ಬಿಣದ ರೇಟಿಗೆ. ಗುಜರಿಯವರಿಗೆ ಗೊತ್ತಾಗುವ ಮೊದಲು ತಂದೆ. ವೆಲ್ಡಿಂಗಿನವರ ಹತ್ತಿರ ಒಂದರ ತುದಿ ಕತ್ತರಿಸಲು ಕೊಟ್ಟರೆ, ಚಂದ ಕಾಣಲಿ ಎಂದು ಸುತ್ತಿಗೆಯಲ್ಲಿ ತಟ್ಟಿ ದುಂಡಗೆ ಮಾಡಿ ಕೊಟ್ಟರು. ಮ್ಯೂ-ಮೆಟಲ್ ಪೆಟ್ಟು ತಿಂದರೆ ಮುಗಿಯಿತು. ಅದು ಈಗ ಪೆನ್ ಸ್ಟ್ಯಾಂಡ್.

ನಿಜವಾದ ತಲೆನೋವು ಕರೆಂಟನ್ನು ನುಣ್ಣಗೆ ಇಳಿಸುವುದರಲ್ಲಿ. ಗುಬ್ಬಿ ತಿರುಗಿಸಿ ವೋಲ್ಟೇಜು ಇಳಿಸುವ ಡಿಮರ್‌ಸ್ಟ್ಯಾಟಿನ ಬ್ರಷ್ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹಾರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮಾದರಿಗೆ ಗೊತ್ತಾಗುತ್ತದೆ. ನಲವತ್ತು ಮಿಲಿಟೆಸ್ಲಾ ದಾಟಿದ ಕೂಡಲೇ ಹಂತಹಂತಕ್ಕೆ ಉಳಿದ ಕಾಂತತ್ವ ತೋರಿಸುವ ಜೈಡರ್‌ವೆಲ್ಡ್ ಗೆರೆ ಸೊನ್ನೆಯ ಮೂಲಬಿಂದು ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತಿತ್ತು. ಸ್ಟೆಬಿಲೈಸರ್ ಹಾಕಿದೆ, ಅದರ ರಿಲೇ ಟಕ್ ಎಂದಾಗಲೆಲ್ಲ ಇನ್ನೂ ದೊಡ್ಡ ಜಿಗಿತ. ಇನ್ವರ್ಟರ್ ಅಲೆ ಚೌಕಾಕಾರ. ಒಂದು ಮಳೆಗಾಲ ಪೂರ್ತಿ ಇದರಲ್ಲೇ ಹೋಯಿತು.

ಇದನ್ನು ಹಿಡಿದದ್ದು ಒಂದು ಯಕ್ಷಗಾನದ ಕ್ಯಾಸೆಟ್ಟಿನಿಂದ. ಮೊಳದುದ್ದ ಟೇಪು ಕತ್ತರಿಸಿ, ಹೆಬ್ಬೆರಳಿನಷ್ಟು ದಪ್ಪದ ಕಡ್ಡಿಗೆ ಸುತ್ತಿ, ಕಾಯಿಲಿನೊಳಗೆ ಇಟ್ಟು ಅಳಿಸಿ, ಮತ್ತೆ ಅಂಟಿಸಿ ಕೇಳಿದೆ. ಭಾಗವತರ ಪದ ಹೋಗಿತ್ತು. ಆದರೆ ಸೆಕೆಂಡಿಗೊಂದು "ಧಬ್" ಉಳಿದಿತ್ತು, ಟೇಪಿನ ಸುತ್ತಿಗೊಂದರಂತೆ. ಕರೆಂಟು ನುಣ್ಣಗೆ ಇಳಿದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಬೇಕಾ? ಅಂದಿನಿಂದ ಪ್ರತಿ ಬದಲಾವಣೆಯನ್ನೂ ಮೊದಲು ಟೇಪಿನ ಮೇಲೆ ನೋಡಿ, ಆಮೇಲೆ ಕೆಸರಿನ ಮೇಲೆ. ಅದೇ ಹುಮ್ಮಸ್ಸಿನಲ್ಲಿ ಮುರಕಲ್ಲಿನ ಚೂರೊಂದನ್ನೂ ಇಟ್ಟು ನೋಡಿದೆ. ಎಂಬತ್ತಕ್ಕೂ ಜಪ್ಪಯ್ಯ ಎನ್ನಲಿಲ್ಲ, ಇಷ್ಟಕ್ಕೆಲ್ಲ ಬಗ್ಗದ ಕಬ್ಬಿಣದ ಖನಿಜ ಹೆಮಟೈಟ್ ತಾನೇ. ಕಾಯಿಲಿನ ತಪ್ಪಲ್ಲ.

ಹಳೆಯ ಲಿಕ್ವಿಡ್ ರಿಯೋಸ್ಟ್ಯಾಟ್ ನೆನಪಾದದ್ದು ಆಗ. ಎರಡು ಸ್ಟೀಲ್ ತಗಡು ನೀರಿನಲ್ಲಿ ಮುಳುಗಿಸಿ, ತಳದ ನಲ್ಲಿಯಿಂದ ನೀರು ಬಿಡುತ್ತಾ ಹೋದರೆ ಕರೆಂಟು ತಾನಾಗಿ ಇಳಿಯುತ್ತದೆ. ಬ್ರಷ್ ಇಲ್ಲ, ಜಿಗಿತ ಇಲ್ಲ. ಮೊದಲು ಉಪ್ಪು ಹಾಕಿದೆ. ಕ್ಲೋರಿನ್ ವಾಸನೆಗೆ ಮನೆಯವರೆಲ್ಲ ಹೊರಗೆ, ತಗಡು ತುಕ್ಕು. ವಾಷಿಂಗ್ ಸೋಡಾಕ್ಕೆ ಬದಲಿಸಿದೆ, ಆ ಕಾಟ ನಿಂತಿತು. ಆಮೇಲೆ ಬಕೆಟಿನ ನೀರು ಬಿಸಿಯಾಗಿ, ಇಳಿಯಬೇಕಾದ ಕರೆಂಟು ಏರತೊಡಗಿತು. ಬಕೆಟಿನ ಬದಲು ದೊಡ್ಡ ಡ್ರಮ್ಮು, ಬಾವಿಯ ತಣ್ಣೀರು. ತಗಡಿನ ಕೆಳತುದಿ ಚೂಪಾಗಿರಬೇಕು. ಕೊನೆಯ ನೀರು ತುದಿ ಬಿಡುವಾಗ ಮೀಟರಿನ ಮುಳ್ಳು ಅಲ್ಲಾಡಬಾರದು. ಎಷ್ಟು ಚೂಪು, ಎಷ್ಟು ಸೋಡಾ ಎಂಬುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ತೆತ್ತ ಕರೆಂಟು ಬಿಲ್ಲು ನೀವು ನೋಡಿಲ್ಲ. ಒಂದು ಸಲ ಇಳಿಯಲು ಎರಡು ನಿಮಿಷದ ಹತ್ತಿರ. ಟೇಪು ಕೇಳಿದೆ: ಬರೀ ಸುಯ್ ಶಬ್ದ, ಧಬ್ ಇಲ್ಲ.

ಕೆಲಸ ರಾತ್ರಿ ಒಂದರಿಂದ ನಾಲ್ಕರವರೆಗೆ. ಆಗ ನೆರೆಹೊರೆಯ ಪಂಪುಗಳು ನಿಂತಿರುತ್ತವೆ, ವೋಲ್ಟೇಜು ಕುಣಿಯುವುದಿಲ್ಲ. ಅಳತೆಗೆ ಗೆಳೆಯರೊಬ್ಬರ ಲ್ಯಾಬಿನ ಸ್ಪಿನ್ನರ್, ಮಾದರಿಯನ್ನು ತಿರುಗಿಸಿ ಕಾಂತತ್ವ ಅಳೆಯುವ ಯಂತ್ರ. ಒಂದೊಂದೇ ಹಂತ ಮುಗಿಸಿ, ಬೆಳಿಗ್ಗೆ ಕವಚದ ಡಬ್ಬಿಯಲ್ಲಿ ಕ್ಯೂಬು ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ ಬರುವುದು. ಸ್ಪೀಕರಿನ ಹತ್ತಿರದ ಸೀಟು ಬಿಟ್ಟು.

ಫಲಿತಾಂಶ ಹೇಳುತ್ತೇನೆ. ಹದಿನೈದು ಮಿಲಿಟೆಸ್ಲಾಕ್ಕೆ ಪೈಪಿನ ಕಾಂತತ್ವ ಹೆಚ್ಚಿನವುಗಳಲ್ಲಿ ಹೋಗಿತ್ತು. ದಪ್ಪ ಬೂದಿ ಪದರದ ಕ್ಯೂಬುಗಳು ಯಾವ ಮಾತನ್ನೂ ಕೇಳಲಿಲ್ಲ. ಕಣ ದೊಡ್ಡದು, ದಿಕ್ಕು ಚೆಲ್ಲಾಪಿಲ್ಲಿ. ಅದು ಗೊತ್ತಿದ್ದೇ ಎರಡು ಬೂದಿಗಳ ನಡುವಿನ ನುಣುಪು ಕೆಸರನ್ನು ಜಾಸ್ತಿ ಕೇಳಿ ತರಿಸಿದ್ದೆ. ಅವು ಇಪ್ಪತ್ತರಿಂದ ಅರವತ್ತರವರೆಗೆ ನೇರ ಗೆರೆಯಲ್ಲಿ ಮೂಲಬಿಂದುವಿಗೆ ಬಂದವು. ಮೇಲೆ ಪ್ಲಸ್ ನಲವತ್ತರ ಸುತ್ತ, ಗಡಿಯ ಕೆಳಗೆ ಮೈನಸ್ ನಲವತ್ತು. ಅನುಮಾನದವರಿಗಾಗಿ ಕೆಲವನ್ನು ನಡುವಿನ ಹಂತಗಳಲ್ಲಿ ತಲೆಕೆಳಗಾಗಿ ಇಟ್ಟು ಅದೇ ಹಂತ ಮತ್ತೆ ಮಾಡಿದೆ, ನಾಲ್ಕೈದು ಡಿಗ್ರಿಯೊಳಗೆ ಅದೇ ಉತ್ತರ. ಲಕ್ಷಗಟ್ಟಲೆಯ ಮೆಷಿನ್ ಎಂದವರಿಗೆ ಚಿತ್ರ ಕಳಿಸಿದೆ. "ಇನ್ನೊಂದು ಸಲ ಮಾಡಿ ನೋಡಿ" ಎಂದಷ್ಟೇ ಬಂತು.

ಒಟ್ಟು ಖರ್ಚು ನಲವತ್ತೈದು-ಐವತ್ತು ಸಾವಿರ, ಗೋದಾಮು ಬಾಡಿಗೆಯೂ ಸೇರಿ.

ಬಾಕಿ ಇರುವುದು ಗ್ರೈಗೈಟಿನ ಕೆಲವು ಕ್ಯೂಬು. ಐವತ್ತು ದಾಟಿದರೆ ಅವು ಅಳಿಸುವ ಕ್ಷೇತ್ರವೇ ಹತ್ತಿಸುವ ಗೈರೋ ಕಾಂತತ್ವ ಹಿಡಿದುಕೊಂಡು ಮತ್ತೆ ಏರುತ್ತವೆ. ಪ್ರತಿ ಹಂತದಲ್ಲೂ ಕ್ಯೂಬಿನ ಮೂರು ಅಕ್ಷಗಳ ಸರದಿ ಬದಲಿಸಿದೆ, ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಪ್ರತಿ ಅಕ್ಷಕ್ಕೊಮ್ಮೆ ಅಳತೆ ತೆಗೆಯುವ ಕ್ರಮ ಹಿಡಿಯಬೇಕು, ಅಂದರೆ ಬಸ್ ಪ್ರಯಾಣ ಮೂರು ಪಟ್ಟು. ಸ್ಪಿನ್ನರನ್ನೇ ಕೆಲವು ವಾರ ಮನೆಗೆ ಕೊಡುತ್ತೀರಾ ಎಂದು ಗೆಳೆಯರನ್ನು ಕೇಳಿದ್ದೇನೆ. ಮಳೆಗಾಲ ಮುಗಿಯಲಿ ಎಂದಿದ್ದಾರೆ.